ನಾಲ್ಕನೇ ಮಗ್ಗದ ಹತ್ತು ನಿಮಿಷ

ಅಥವಾ ಮಗ್ಗ ನಿಂತಾಗ ಒಂದೂವರೆ ಆಗಿರಲಿಕ್ಕಿಲ್ಲ, ಒಂದೂಕಾಲು ಇದ್ದೀತು. ನನ್ನ ನೆನಪು ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ. ಎಲ್ಲ ಮುಗಿದ ಮೇಲೆ ಮುಳ್ಳನ್ನು ತನಗೆ ಬೇಕಾದಲ್ಲಿಗೆ ತಿರುಗಿಸಿಟ್ಟು, ನೋಡು, ಹೀಗೇ ಆಗಿತ್ತು ಎನ್ನುತ್ತದೆ. ಹಾಗಾಗಿ ಮುಂದಿನದನ್ನು ಅರ್ಧ ಮಾತ್ರ ನಂಬಬೇಕು. ಯಾವ ಅರ್ಧ ಎಂದು ಕೇಳಬಾರದು.

ಬನಹಟ್ಟಿಯಲ್ಲಿ ನನಗೆ ಆರು ಪವರ್‌ಲೂಮ್ ಮಗ್ಗಗಳಿವೆ, ಜೊತೆಗೆ ಬರೆಯುವ ಚಟವಿದೆ. ಎರಡರಲ್ಲಿ ಯಾವುದು ಹೆಚ್ಚು ಸದ್ದು ಮಾಡುತ್ತದೆ ಎಂಬುದರಲ್ಲಿ ನನ್ನ ಹೆಂಡತಿಗೆ ಅನುಮಾನವಿಲ್ಲ. ಊರಿನ ಓದುಗರ ಬಳಗದವರು ಒಂದು ದಿನ ಬಂದು, ಇಸ್ಲಾಂ ಒಂದು ನಂಬಿಕೆಯಾಗಿ ಮತ್ತು ರಾಜ್ಯವ್ಯವಸ್ಥೆಯಾಗಿ ಹೇಗೆ ಕಾಣುತ್ತದೆ, ಒಂದು ಭಾಷಣದಲ್ಲಿ ನಿಮ್ಮ ಸ್ವಂತ ಅಭಿಪ್ರಾಯ ಹೇಳಿ ಎಂದರು. ಸ್ವಂತ ಅಭಿಪ್ರಾಯ ಎಂದೊಡನೆ ನಾನು ಮಾಡಿದ ಮೊದಲ ಕೆಲಸ ಪುಸ್ತಕ ತರಿಸಿದ್ದು. ಖಲೀಫರು, ಸುಲ್ತಾನರು, ಕಾನೂನಿನ ಪಂಥಗಳು, ಎಲ್ಲವನ್ನೂ ಓದಿದೆ. ನಂಬಿಕೆಯನ್ನೂ ಆಳ್ವಿಕೆಯನ್ನೂ ಬೇರ್ಪಡಿಸಲಾಗದು ಎಂದು ಒಬ್ಬ ಪಂಡಿತ ಹೇಳಿದರೆ, ಅವು ಹೆಚ್ಚು ಕಾಲ ಒಂದಾಗಿರಲೇ ಇಲ್ಲ ಎಂದು ಇನ್ನೊಬ್ಬ. ಇಬ್ಬರ ಪುಸ್ತಕಗಳೂ ಒಂದೇ ದಪ್ಪವಿದ್ದುದರಿಂದ ಇಬ್ಬರನ್ನೂ ಒಪ್ಪಿಕೊಂಡೆ.

ಕೇಳಬಹುದಾಗಿದ್ದ ಮನುಷ್ಯ ಹತ್ತು ಹೆಜ್ಜೆ ಆಚೆ ನಾಲ್ಕನೇ ಮಗ್ಗದ ಮುಂದೆ ನಿಂತಿದ್ದ. ರಾಜೇಸಾಬ. ಇರುವುದು ಜಮಖಂಡಿಯಲ್ಲಿ, ಮಗಳ ಮನೆಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಬನಹಟ್ಟಿಗೆ ಬರುವವನು. ಲಾಳಿಯೊಳಗಿನ ಕಂಡಕಿ, ಎಂದರೆ ನೂಲಿನ ಸುರುಳಿ, ಮುಗಿದರೆ ಮಗ್ಗ ತಾನೇ ನಿಲ್ಲುತ್ತದೆ. ಅವನು ದಿನಾ ಒಂದು ಕಂಡಕಿಯನ್ನು ನೂಲು ಸುತ್ತುವ ಗಂಗವ್ವನಿಂದ ಅಳತೆ ನೋಡಿ ಸುತ್ತಿಸಿ ಇಟ್ಟುಕೊಳ್ಳುತ್ತಿದ್ದ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಸರಿಯಾಗಿ ಅದು ಬರಿದಾಗುತ್ತಿತ್ತು. ಮೊದಲ ಸಲ ನಾನು ಗದರಿದಾಗ ಅವನು ನಮಾಜಿಗೆಂದು ಕೈಕಾಲು ತೊಳೆಯುತ್ತಾ ಹೇಳಿದ್ದ: "ನಾ ಎಲ್ಲಿ ನಿಲ್ಲಿಸೀನ್ರಿ ಸಾವ್ಕಾರ್ರ, ನೂಲ ಮುಗೀತು." ಗೋಡೆ ಮತ್ತು ಮಗ್ಗದ ನಡುವೆ ಎರಡು ಮೊಳ ಬಟ್ಟೆ ಹಾಸಿ ಹತ್ತು ನಿಮಿಷ. ಆಮೇಲೆ ಹೊಸ ಕಂಡಕಿ.

ಭಾಷಣಕ್ಕೆಂದು ಬರೆದ ಲೇಖನವನ್ನು ಅವನಿಗೆ ಓದಿ ಹೇಳಬೇಕೆಂದು ನನಗೇಕೆ ಅನಿಸಿತೋ. ಉದಾರಿ ಎನಿಸಿಕೊಳ್ಳುವ ಆಸೆ ಇದ್ದೀತು. ಚಹಾ ತರಿಸಿ, ಐದೂ ಪುಟ ಓದಿದೆ. ರಾಜ್ಯವ್ಯವಸ್ಥೆಯ ಭಾಗ ಬಂದಾಗ ಅವನು ನಕ್ಕ. "ಆಳೋದು ಅಂತೀರಿ. ನಮ್ಮ ಮಸೂತಿ ಕಮೀಟಿ ಇಲೆಕ್ಷನ್ನಿಗೆ ಒಮ್ಮೆ ಬರ್ರಿ. ಒಂದು ಫ್ಯಾನ್ ಯಾವ ಕಡೆ ಹಾಕೂದು ಅನ್ನೂದರಾಗ ಎರಡು ಪಾರ್ಟಿ ಆಗ್ಯಾವು."

"ಪುಸ್ತಕದಾಗ ಫ್ಯಾನಿನ ಸುದ್ದಿ ಇಲ್ಲೇನ್ರಿ?" ಎಂದಳು ನೂಲು ಸುತ್ತುತ್ತಿದ್ದ ಗಂಗವ್ವ.

ಕೊನೆಯ ಪುಟದಲ್ಲಿ ನಾನು ಬಹಳ ಮೆಚ್ಚಿಕೊಂಡಿದ್ದ ವಾಕ್ಯವೊಂದಿತ್ತು: 'ಈ ಜನರ ನಿಷ್ಠೆ ಮೊದಲು ಎಲ್ಲಿಗೆ ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.' ದನಿ ತಗ್ಗಿಸಿ, ನಿಧಾನವಾಗಿ ಓದಿದೆ. ಪರಿಣಾಮವಾಗಲಿ ಎಂದು.

ರಾಜೇಸಾಬ ಕಪ್ಪನ್ನು ಕೆಳಗಿಟ್ಟ. "ಇಪ್ಪತ್ತೆರಡು ವರ್ಷ ಆತ್ರಿ. ನಿಮಗ ಇನ್ನೂ ಗೊತ್ತಾಗಿಲ್ಲೇನು?" ಎಂದ. ಹಾಗೆಂದನೆಂದು ನನ್ನ ನೆನಪು. ಅವನು ಏನೂ ಅನ್ನದೆ ಕಪ್ಪಿಟ್ಟು ಎದ್ದ ಎನ್ನುತ್ತಾಳೆ ಗಂಗವ್ವ. ಸಂಜೆಯವರೆಗೆ ನೇಯ್ದು, ಕಡಿದ ಎಳೆಗಳನ್ನೆಲ್ಲ ಗಂಟು ಹಾಕಿ ಹೋದವನು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾಲ್ಕನೇ ಮಗ್ಗವನ್ನು ಗಂಗವ್ವನಿಗೆ ಒಪ್ಪಿಸಿದೆ. ಮೂರನೆಯ ದಿನ, ಆ ಒಂದೂವರೆಗೋ ಒಂದೂಕಾಲಿಗೋ, ಅದು ನಿಂತಿತು. ಐದು ಮಗ್ಗಗಳ ಗದ್ದಲದಲ್ಲಿ ಒಂದರ ಮೌನ ಕೇಳುವುದಿಲ್ಲ ಎಂದು ನೀವು ತಿಳಿದಿರಬಹುದು. ಕೇಳುತ್ತದೆ. ನಾಲ್ಕನೆಯ ದಿನವೂ ನಿಂತಿತು. "ನೀನಽ ಆ ಅಳತಿ ಕಂಡಕಿ ಸುತ್ತಿ ಹಾಕಾಕತ್ತೀ ಏನು?" ಎಂದೆ.

"ಯಾರ ಸಲುವಾಗಿ ಸುತ್ತಲ್ರಿ? ಓಡಿಸಿದವರು ನೀವು."

ಐದನೆಯ ದಿನ ನಾನೇ ನಿಂತು ತುಂಬಿದ ಕಂಡಕಿ ಹಾಕಿದೆ. ಆದರೂ ಅದೇ ಹೊತ್ತಿಗೆ ಮಗ್ಗ ನಿಂತಿತು. ಲಾಳಿ ತೆಗೆದು ನೋಡಿದರೆ ನೂಲು ಕಡಿದಿರಲಿಲ್ಲ, ಮುಗಿದಿರಲೂ ಇಲ್ಲ. ಕರೆಂಟು ಹೋಗಿದ್ದರೆ ಉಳಿದ ಐದೂ ನಿಲ್ಲಬೇಕಿತ್ತು. ಮೇಸ್ತ್ರಿ ಬಂದು ಎಲ್ಲ ಬಿಚ್ಚಿ ಜೋಡಿಸಿ, "ಮಗ್ಗ ಛಲೋ ಐತ್ರಿ, ನೀವು ನಿದ್ದಿ ಮಾಡ್ರಿ," ಎಂದು ಹೋದ. ಆಗ ನನಗೆ ಇನ್ನೊಂದು ಕಾಣಿಸಿತು. ಶೆಡ್ಡಿನಲ್ಲಿ ನೂಲಿನ ಚೀಲ ಇಡಲು ಜಾಗವಿಲ್ಲ. ಆದರೂ ಗೋಡೆ ಪಕ್ಕದ ಆ ಎರಡು ಮೊಳದಲ್ಲಿ ಯಾರೂ ಏನೂ ಇಟ್ಟಿಲ್ಲ. ಎಲ್ಲರೂ ಸುತ್ತು ಹಾಕಿಯೇ ಹೋಗುತ್ತಾರೆ. ನಾನೂ ಹಾಗೆಯೇ ಬಂದಿದ್ದೆ. ಅಂದು ಅಲ್ಲಿ ನೆಲ ಒದ್ದೆಯಿತ್ತು, ಯಾರೋ ಆಗಷ್ಟೇ ಕೈಕಾಲು ತೊಳೆದ ಹಾಗೆ. ಕೂಲರ್ ಸೋರುತ್ತದೆ, ನನಗೂ ಗೊತ್ತು. ಆದರೆ ಅದು ಇರುವುದು ಎದುರು ಗೋಡೆಗೆ.

ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದ ರಾಜ್ಯವ್ಯವಸ್ಥೆ ನನ್ನ ಶೆಡ್ಡಿನಲ್ಲೇ ದಿನಕ್ಕೆ ಹತ್ತು ನಿಮಿಷ ನಡೆದಿತ್ತು. ಅಲ್ಲಿ ಪ್ರಜೆ ನಾನು. ದಂಡವಿಲ್ಲ, ಸೈನ್ಯವಿಲ್ಲ, ಒಬ್ಬ ಮನುಷ್ಯ ತನ್ನ ಕೆಲಸವನ್ನು ತನ್ನ ನಂಬಿಕೆಗೆ ಹೊಂದಿಸಿಕೊಂಡಿದ್ದ, ಇನ್ನೊಬ್ಬನ ಕೆಲಸ ಕೆಡದ ಹಾಗೆ. ಸುಲ್ತಾನರು ಆ ನಂಬಿಕೆಯ ಹೆಸರಿನಲ್ಲಿ ಏನೇನು ಮಾಡಿದರೆಂದು ಓದಿದ್ದೇನೆ, ಅದನ್ನು ಮರೆಮಾಚುವುದಿಲ್ಲ. ಆದರೆ ಆ ಲೆಕ್ಕಕ್ಕೆ ರಾಜೇಸಾಬನಿಂದ ಉತ್ತರ ಕೇಳಿದ್ದು ನನ್ನ ತಪ್ಪು. ಆ ನಿಷ್ಠೆಯ ವಾಕ್ಯವನ್ನು ಹೊಡೆದುಹಾಕಿ, ಅವನನ್ನು ಕರೆತರಲು ಜಮಖಂಡಿಗೆ ಹೋದೆ.

ಮಗಳು ಶಮಶಾದ ನೀರು ಕೊಟ್ಟಳು. "ನಿಮ್ಮಪ್ಪ ಎಲ್ಲಿ?" ಎಂದೆ.

ಅವಳು ನನ್ನನ್ನೇ ನೋಡಿದಳು. "ನಿಮ್ಮ ಮಗ್ಗದ ಮ್ಯಾಲೇ ಅದಾರಲ್ಲರಿ ಕಾಕಾ. ದಿನಾ ಬುತ್ತಿ ತಗೊಂಡು ಅದಽ ಬಸ್ಸಿಗೆ ಹೋಗ್ತಾರ. ಸಂಜಿಕೆ ಬರ್ತಾರ, ಅಂಗಿ ಅರಿವಿಗೆಲ್ಲಾ ನೂಲಿನ ಧೂಳು. ಯಾಕ್ರಿ, ಏನಾತು?"

"ಏನಿಲ್ಲವ್ವಾ. ಸುಮ್ಮನ ಕೇಳಿದೆ," ಎಂದು ಎದ್ದು ಬಂದೆ.

ರಬಕವಿ-ಬನಹಟ್ಟಿಯ ಶೆಡ್ಡುಗಳಲ್ಲಿ, ಸಿಕ್ಕಷ್ಟು ಕಡೆ, ವಿಚಾರಿಸಿದ್ದೇನೆ. ಯಾರೂ ಅವನನ್ನು ನೋಡಿಲ್ಲ. ಬಳಗದವರಿಗೆ ಇನ್ನೂ ಭಾಷಣ ಕೊಟ್ಟಿಲ್ಲ. ನಾಲ್ಕನೇ ಮಗ್ಗ ಈಗಲೂ ಆ ಹೊತ್ತಿಗೆ ನಿಲ್ಲುತ್ತದೆ, ಹತ್ತು ನಿಮಿಷ ನಾವು ಮುಟ್ಟುವುದಿಲ್ಲ. ಯಾರ ನಿಷ್ಠೆ ಎಲ್ಲಿಗೆ ಎಂದು ಐದು ಪುಟ ಬರೆದವನು ನಾನು. ಒಬ್ಬ ಮನುಷ್ಯ ಬುತ್ತಿ ಹಿಡಿದು ದಿನಾ ಎಲ್ಲಿಗೆ ಬರುತ್ತಾನೆ ಎಂಬುದು ನನಗೆ ಗೊತ್ತಿಲ್ಲ.