ಐವತ್ತು ತೋಟಾಗಳಲ್ಲಿ ಒಂದು

ಚರ್ಚಾಸ್ಪರ್ಧೆಯಲ್ಲಿ ಪಳಗಿದವನ ಮನೆಯಲ್ಲಿ ಬಿಸಿ ಉಪ್ಪಿಟ್ಟು ಸಿಗುವುದಿಲ್ಲ. ಅದು ತಟ್ಟೆಗೆ ಬಿದ್ದಾಗ ಬಿಸಿಯಾಗಿಯೇ ಇರುತ್ತದೆ, ಆದರೆ ಯಾರಾದರೂ "ಇವತ್ತು ಚಳಿ ಕಮ್ಮಿ" ಅಂದಿರುತ್ತಾರೆ, ನಾನು "ಯಾವುದಕ್ಕೆ ಹೋಲಿಸಿದರೆ ಕಮ್ಮಿ?" ಎಂದು ಕೇಳಿರುತ್ತೇನೆ, ಅಲ್ಲಿಗೆ ಉಪ್ಪಿಟ್ಟು ತಣ್ಣಗಾದಂತೆಯೇ. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಪರ ಮತ್ತು ವಿರೋಧ ಎರಡೂ ಕಡೆಯಿಂದ ಮಾತಾಡಿ ಕಪ್ಪು ಗೆದ್ದ ಮೇಲೆ ನನಗೆ ಅಂಟಿದ ಚಟ ಇದು. ಆಧಾರವಿಲ್ಲದೆ ಏನನ್ನೂ ನಂಬುವುದಿಲ್ಲ. ಹಾಲಿನ ಡಬ್ಬದ ಮೇಲಿನ ತಾರೀಖನ್ನು ನಂಬುವುದಿಲ್ಲ, ಮೂಸಿ ನೋಡುತ್ತೇನೆ. ಸಿಯಾಟಲ್‌ಗೆ ಬಂದ ಮೇಲೆ ಹವಾಮಾನದ ಆ್ಯಪ್ ನೋಡುವುದನ್ನೂ ಬಿಟ್ಟು ಕಿಟಕಿಯಿಂದ ಕೈ ಹೊರಗೆ ಚಾಚುತ್ತೇನೆ.

ಇಂಥವನು ಒಂದು ರಿವಾಲ್ವರ್ ಕೊಂಡರೆ ಅಂಗಡಿಯ ತೋಟಾ ತಂದು ಹೊಡೆದು ಸುಮ್ಮನಿರುತ್ತಾನೆಯೇ? ನನ್ನದು ಸಣ್ಣ ಬಾಯಿಯ ಮ್ಯಾಗ್ನಮ್. ನಳಿಗೆ ಪೆನ್ಸಿಲ್ಲಿನಷ್ಟು ಕಿರಿದು, ಸಿಟ್ಟು ಮಾತ್ರ ದೊಡ್ಡದು. ಅಂಗಡಿಯ ಡಬ್ಬಿಯ ಮೇಲೆ ಇಷ್ಟು ತೂಕ, ಇಷ್ಟು ವೇಗ ಎಂದು ಬರೆದಿತ್ತು. ಬರೆದವರು ಯಾರು, ಅಳೆದವರು ಯಾರು? ಹೀಗೆ ಶುರುವಾದದ್ದು, ಕೆನ್ಮೋರ್‌ನ ನಮ್ಮ ಗ್ಯಾರೇಜಿನಲ್ಲಿ ನಾನೇ ಸೀಸ ಕರಗಿಸಿ, ಅಚ್ಚಿಗೆ ಎರೆದು, ಭಾರದ ಗುಂಡು ಮಾಡಿ, ನಾನೇ ಮದ್ದು ತುಂಬುವವರೆಗೆ ಬೆಳೆಯಿತು. ಕೆಲಸ ಕಷ್ಟವೇನಲ್ಲ. ಖಾಲಿ ಹಿತ್ತಾಳೆ ಕೊಳವೆಗೆ ಅಳತೆ ಮದ್ದು ಹಾಕಬೇಕು, ಮೇಲೆ ಗುಂಡು ಕೂರಿಸಿ ಒತ್ತಬೇಕು, ಅಷ್ಟೆ. ಒಂದೇ ಒಂದು ನಿಯಮ: ನಡುವೆ ಬೇರೆ ಯೋಚನೆ ಕೂಡದು. ಬೇರೆ ಯೋಚನೆಯಿಲ್ಲದ ತಲೆ: ನನ್ನ ಹತ್ತಿರ ಇಲ್ಲದ ಸಾಮಾನು ಅದೊಂದೇ.

ನನ್ನ ಹೆಂಡತಿ ವಿನುತಾ ಮಂಗಳೂರಿನವಳು. ಒಂದು ವರ್ಷ ಆ ರಿವಾಲ್ವರಿನ ಕಡೆ ತಿರುಗಿಯೂ ನೋಡದವಳು ಕಳೆದ ತಿಂಗಳು ಇದ್ದಕ್ಕಿದ್ದ ಹಾಗೆ, "ಶನಿವಾರ ನಾನೂ ಶೂಟಿಂಗ್ ರೇಂಜಿಗೆ ಬರ್ತೇನೆ. ಕೈಗೆ ಜಾಸ್ತಿ ಒದೀಬಾರದು, ಹಾಗೆ ತೋಟಾ ಮಾಡಿ ಕೊಡು" ಅಂದಳು. ಅವಳಿಗಾಗಿ ಸ್ವಲ್ಪವೇ ಸಾಕಾಗುವ ಮದ್ದು ಆರಿಸಿದೆ. ಅದು ಕೊಳವೆಯ ತಳ ಮುಚ್ಚುವಷ್ಟು ಮಾತ್ರ ಬೀಳುತ್ತದೆ. ಎಂದರೆ ತಪ್ಪಿ ಎರಡು ಸಲ ಬಿದ್ದರೂ ಉಕ್ಕಿ ಹೊರಗೆ ಬರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಹಾರಿಸುವವರ ಕೈಗೆ ಮಾತ್ರ ಗೊತ್ತಾಗುತ್ತದೆ. ಮೇಲೆ ಭಾರದ ಗುಂಡು ಕೂತಿದ್ದರಂತೂ ರಿವಾಲ್ವರೇ ಸಿಡಿಯಬಹುದು.

ಭಾನುವಾರ ಮದ್ದು ಹಾಕುತ್ತಿದ್ದೆ. ಒಂದು ಕೊಳವೆ ಕೈಯಲ್ಲಿತ್ತು. ಆಗ ಮರ್ಸರ್ ಐಲ್ಯಾಂಡಿನಿಂದ ಫೋನು. ವಿನುತಾಳ ಅಣ್ಣ, ಪ್ರಸನ್ನ ಭಾವ.

"ಎಂತ ಮಾಡ್ತಿದ್ದೀ?"

"ತೋಟಾ ತುಂಬ್ತಿದೀನಿ ಭಾವ. ಭಾರದ ಗುಂಡು."

"ಭಾರದ್ದು ಯಾಕೆ ಮಾರಾಯ? ಹಗುರ ಆದ್ರೆ ಸ್ಪೀಡ್ ಜಾಸ್ತಿ. ಸ್ಪೀಡ್ ಜಾಸ್ತಿ ಆದ್ರೆ ಗುರಿಗೆ ಸರೀ ಹೋಗ್ತದೆ. ಅಷ್ಟೂ ಗೊತ್ತಿಲ್ವಾ?"

ಭಾವ ಜೀವಮಾನದಲ್ಲಿ ಜಾತ್ರೆಯ ಬಲೂನು ಬಂದೂಕನ್ನೂ ಹಿಡಿದವರಲ್ಲ. ನಾನು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವರು ಒಂದೇ ಉಸಿರಿನಲ್ಲಿ ಆಧಾರವಿಲ್ಲದ ಎರಡು ಮಾತು ಆಡಿದ್ದರು. ಕೊಳವೆ ಹಿಡಿದುಕೊಂಡೇ ಗ್ಯಾರೇಜಿನ ಉದ್ದಗಲ ಓಡಾಡಿ ಮೊದಲನೆಯದಕ್ಕೆ ಉತ್ತರ ಕೊಟ್ಟೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಅವರು "ಆಯ್ತಾಯ್ತು, ಇಲ್ಲಿ ಗ್ರಿಲ್ ಮೇಲೆ ಮೀನು ಉಂಟು" ಎಂದು ಫೋನು ಇಟ್ಟರು. ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಅದನ್ನು ಗೋಡೆಗೆ ಹೇಳುತ್ತಾ ಮೇಜಿಗೆ ಬಂದು ಮದ್ದು ಹಾಕಿ, ಗುಂಡು ಕೂರಿಸಿ, ಒತ್ತಿ, ಉಳಿದವನ್ನೂ ಮುಗಿಸಿ ಐವತ್ತನ್ನೂ ಡಬ್ಬಿಗೆ ಸುರಿದೆ. ಕೈ ತೊಳೆಯುವಾಗ ಹೊಳೆಯಿತು: ಫೋನು ಬಂದಾಗ ಕೈಯಲ್ಲಿದ್ದ ಆ ಕೊಳವೆಗೆ ಮದ್ದು ಹಾಕಿ ಆಗಿತ್ತೋ, ಇನ್ನೂ ಹಾಕಬೇಕಿತ್ತೋ?

ಅವತ್ತಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಐವತ್ತು ತೋಟಾಗಳನ್ನೂ ಒಂದೊಂದಾಗಿ ತೂಗಿದೆ. ಅಂಗಡಿಯ ಗುಂಡಾಗಿದ್ದರೆ ಎಲ್ಲಾ ಒಂದೇ ತೂಕ, ಮದ್ದು ಹೆಚ್ಚಾದದ್ದು ಸಿಕ್ಕಿಬೀಳುತ್ತಿತ್ತು. ಇವು ನಾನು ಎರೆದ ಗುಂಡುಗಳು. ಒಂದಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಒಂದು ಅಳತೆ ಮದ್ದಿಗಿಂತ ಹೆಚ್ಚು. ಡಬ್ಬಿಯ ಮೇಲಿನ ಅಕ್ಷರ ನಂಬದೆ ಸ್ವಂತ ಗುಂಡು ಮಾಡಿದ್ದಕ್ಕೆ, ನನ್ನ ಗುಂಡೇ ನನ್ನ ವಿರುದ್ಧ ಸಾಕ್ಷಿ ಹೇಳಲು ನಿರಾಕರಿಸಿತು. ಫ್ರೀಮಾಂಟ್‌ನ ಆಫೀಸಿನಲ್ಲಿ ಮೀಟಿಂಗಿನ ನಡುವೆ ಎದ್ದು ಎರಡು ಸಲ ಕಾಲುವೆಯ ತನಕ ನಡೆದು ಬಂದೆ. ಪರ: ನಾನು ಜಾಗರೂಕ, ಮದ್ದು ಹಾಕಿದ ಕೂಡಲೇ ಗುಂಡು ಕೂರಿಸುತ್ತೇನೆ, ಗುಂಡಿಲ್ಲದೆ ಕೈಯಲ್ಲಿತ್ತೆಂದರೆ ಖಾಲಿಯೇ ಇರಬೇಕು. ವಿರೋಧ: ಜಾಗರೂಕನಾಗಿದ್ದರೆ ಈ ಚರ್ಚೆಯೇ ಯಾಕೆ? ಪ್ರತಿ ಸಲವೂ ವಿರೋಧಕ್ಕೇ ಕಪ್ಪು.

ಐವತ್ತನ್ನೂ ಒಡೆದು ನೋಡಿದರೆ ಆಗುತ್ತಿತ್ತು. ಆದರೆ ಹಾಗೆ ಮಾಡಿದರೆ ವಿನುತಾಳಿಗೆ ಕಾರಣ ಹೇಳಬೇಕು. ಬುಧವಾರ ದೋಸೆ ಮಗುಚುತ್ತಿದ್ದವಳನ್ನು ಸುತ್ತಿ ಬಳಸಿ ಕೇಳಿದೆ, "ಶನಿವಾರ ಹೆದರಿಕೆ ಆಗಲ್ವಾ ನಿಂಗೆ?"

"ಎಂತಕ್ಕೆ? ನೀನು ಮಾಡಿದ್ದಲ್ವಾ? ಉಪ್ಪು ಹಾಕ್ಲಿಕ್ಕೂ ಎರಡು ಸಲ ಯೋಚನೆ ಮಾಡುವ ಜನ. ಸರೀ ಇರ್ತದೆ."

ನನ್ನನ್ನು ಇಷ್ಟು ಸಲೀಸಾಗಿ ಯಾರೂ ಸೋಲಿಸಿರಲಿಲ್ಲ. ಆಧಾರ ಕೇಳಲಿಲ್ಲ, ಪ್ರಶ್ನೆ ಕೇಳಲಿಲ್ಲ, ನನ್ನನ್ನು ನಂಬಿ ತನ್ನ ಬಲಗೈಯ ಐದು ಬೆರಳನ್ನೂ ಪಣಕ್ಕೆ ಇಟ್ಟುಬಿಟ್ಟಳು. ದೋಸೆ ಅರ್ಧಕ್ಕೇ ಬಿಟ್ಟು ಗ್ಯಾರೇಜಿಗೆ ಹೋಗಿ ಐವತ್ತನ್ನೂ ಮತ್ತೆ ತೂಗಿದೆ. ಗುರುವಾರ ಸಂಜೆ ಎಲ್ಲಾ ಹೇಳಿದೆ. ಅವಳು ಪೂರ್ತಿ ಕೇಳಿ, "ಭಾನುವಾರದಿಂದ ಗೊತ್ತುಂಟಾ ನಿಂಗೆ?" ಅಂದಳು.

"ಗೊತ್ತಿಲ್ಲ ಅನ್ನೋದೇ ನನ್ನ ವಾದ. ಅನುಮಾನ ಬೇರೆ, ತಿಳಿವಳಿಕೆ ಬೇರೆ..."

"ಒಡಿ."

ತೋಟಾ ಬಿಚ್ಚಲು ಸುತ್ತಿಗೆಯಂಥ ಒಂದು ಪ್ಲಾಸ್ಟಿಕ್ ಸಾಧನ ಇದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಕಟ್ಟೆಗೆ ಕುಟ್ಟಿದರೆ ಗುಂಡು, ಮದ್ದು ಎರಡೂ ಕಳಚಿ ಬೀಳುತ್ತವೆ. ಕುಟ್ಟಿದೆ. ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿದೆ. ಸರಿ ಇತ್ತು. ಮತ್ತೆ ಕುಟ್ಟಿದೆ, ಸರಿ ಇತ್ತು. ವಿನುತಾ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದಳು. ಇಪ್ಪತ್ತು, ಮೂವತ್ತು, ಎಲ್ಲಾ ಸರಿ. ನನಗೋ ಒಳಗೊಳಗೇ ಕಸಿವಿಸಿ. ನಾಲ್ಕು ದಿನ ಇಷ್ಟು ಗಟ್ಟಿಯಾಗಿ ವಾದಿಸಿದ ತಪ್ಪು ನಡೆದೇ ಇರಲಿಲ್ಲವೆಂದರೆ ನನ್ನ ಗತಿಯೇನು? ಮೂವತ್ತೇಳನೆಯದನ್ನು ಕುಟ್ಟಿದೆ. ಸುರಿದೆ. ತಕ್ಕಡಿ ಸರಿಯಾಗಿ ಎರಡರಷ್ಟು ತೋರಿಸಿತು.

"ನೋಡ್ದ್ಯಾ!" ಕೂಗಿ ಎರಡೂ ಕೈ ಮೇಲೆತ್ತಿದೆ. "ನಾನ್ ಹೇಳಿರ್ಲಿಲ್ವಾ! ಇದೇ ಪ್ರೂಫ್! ನಾನ್ ಹೇಳಿದ್ದೇ ಸರಿ!"

ವಿನುತಾ ಆ ಮದ್ದಿನ ಗುಡ್ಡೆ ನೋಡಿದಳು. ಆಮೇಲೆ ತನ್ನ ಬಲಗೈ ಬಿಡಿಸಿ ನೋಡಿಕೊಂಡಳು.

"ಹೌದು," ಅಂದಳು. "ಗೆದ್ದಿ."

ಎತ್ತಿದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಮೆಲ್ಲಗೆ ಇಳಿಸಿ ಜೇಬಿನಲ್ಲಿಟ್ಟೆ. ಆಮೇಲೆ, "ಅನುಮಾನ ಇದ್ದದ್ದು ಒಂದರ ಮೇಲೆ, ಅದು ಸಿಕ್ತು. ತರ್ಕದ ಪ್ರಕಾರ ಉಳಿದ ಹದಿಮೂರು..." ಅಂದೆ.

"ಒಡಿ ಮಾರಾಯ."

ಹದಿಮೂರನ್ನೂ ಒಡೆದೆ.

ಶುಕ್ರವಾರ ಸಂಜೆ ಹೊಸದಾಗಿ ತುಂಬಿದೆವು. ನಾನು ಮದ್ದು ಹಾಕುವುದು, ಅವಳು ಟಾರ್ಚ್ ಬಿಟ್ಟು ಒಂದೊಂದು ಕೊಳವೆಯ ಒಳಗೂ ಇಣುಕಿ "ಹ್ಞೂಂ" ಅನ್ನುವುದು. ನಡುವೆ ಭಾವನ ಫೋನು. ಅವಳೇ ಎತ್ತಿದಳು. "ಇಲ್ಲ ಅಣ್ಣ, ಅವರಿಗೆ ಕೆಲಸ ಉಂಟು. ಹಾಂ, ಗುಂಡಿನ ವಿಷಯವಾ? ನೀನು ಹೇಳಿದ್ದೇ ಸರಿಯಂತೆ. ಒಪ್ಪಿದ್ರು." ನನ್ನ ಬಾಯಿ ತೆರೆಯಿತು. ಅವಳ ಟಾರ್ಚು ನನ್ನ ಕೈಯಲ್ಲಿದ್ದ ಕೊಳವೆಯ ಮೇಲೆಯೇ ಇತ್ತು. ಬಾಯಿ ಮುಚ್ಚಿದೆ. ಭಾವ ಅದನ್ನು ಈಗಾಗಲೇ ನಮ್ಮ ಅತ್ತೆ ಮಾವನಿಗೂ ಹೇಳಿದ್ದಾರಂತೆ.

ಶನಿವಾರ ರೇಂಜಿನಲ್ಲಿ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡ ಮೇಲೆ ವಿನುತಾ ಒಂದು ಹೆಜ್ಜೆ ಹಿಂದೆ ಸರಿದಳು. "ಮೊದಲಿನ ಆರು ನಿಂದು." ನ್ಯಾಯವೇ. ಆ ರಿವಾಲ್ವರ್ ಗಟ್ಟಿ ಎಂದು ಗೊತ್ತು, ಮದ್ದು ಒಳ್ಳೆಯದೆಂದು ಗೊತ್ತು, ಒಳಗೆ ಅವಳೇ ಇಣುಕಿ ನೋಡಿದ್ದಾಳೆ. ಆದರೆ ತುಂಬಿದವನನ್ನು ನಾನು ಬಲ್ಲೆನಲ್ಲ. ಆರು ಸಲವೂ ಕಣ್ಣು ಮುಚ್ಚಿ ಹೊಡೆದೆ. ಗುರಿಯ ಕಾಗದದ ಮೇಲೆ ಒಂದು ತೂತೂ ಬೀಳಲಿಲ್ಲ. ಅವಳು ಮುಂದೆ ಬಂದು ನಿಧಾನವಾಗಿ ಆರು ಹೊಡೆದಳು. ಆರೂ ಅಂಗೈ ಅಗಲದಲ್ಲಿ ಕೂತವು.

"ತೋಟಾ ಒಳ್ಳೇದುಂಟು," ಎಂದು ಕಿವಿಯ ಮುಚ್ಚಳ ಸರಿಸಿದಳು. "ಹೊಡೆಯುವವನದ್ದೇ ತೊಂದರೆ."

ಇದಕ್ಕೆ ನನ್ನ ಹತ್ತಿರ ಮೂರು ಉತ್ತರಗಳಿದ್ದವು, ಮೂರೂ ಬಲವಾದವು. ರಿವಾಲ್ವರನ್ನು ಕೆಳಗಿಡುತ್ತಿದ್ದ ಅವಳ ಬೆರಳುಗಳನ್ನು ಎಣಿಸಿದೆ. ಹತ್ತೂ ಇದ್ದವು.

"ಹೌದು," ಅಂದೆ.