ಬಿಚ್ಚಿದ ಮೇಲೆಯೇ ಗೊತ್ತಾಗುವ ಫೈಲುಗಳು

ಫೈಲು ಬಿಚ್ಚುವ ಮೊದಲು ಬಿಸ್ಮಿಲ್ಲಾ ಹೇಳುವುದು ನನಗೆ ಅಭ್ಯಾಸವಾಗಿ ಹೋಗಿದೆ. ವಾರಕ್ಕೊಂದಾದರೂ ಫೈಲು ಕೈಕೊಡದೆ ಇರುವುದಿಲ್ಲ.

ಜೆಡ್ಡಾದ ಒಂದು ಖರ್ಜೂರದ ಕಂಪನಿಯಲ್ಲಿ ನಾನು ಕಂಪ್ಯೂಟರ್ ಕೆಲಸದವಳು. ಊರು ಉಳ್ಳಾಲ. ಬೇರೆ ಬೇರೆ ಕಡೆಯಿಂದ ಎಕ್ಸ್‌ಎಂಎಲ್ ಎಂಬ ಬಗೆಯ ಫೈಲುಗಳು ಬರುತ್ತವೆ. ಪ್ರತಿ ಮಾಹಿತಿಯ ಮೇಲೂ ಒಂದು ಹೆಸರಿನ ಚೀಟಿ ಇರುತ್ತದೆ. ಆದರೆ ಒಳಗಿರುವುದು ಅಂಕಿಯೋ, ಪದವೋ, ಪಟ್ಟಿಯೋ ಎಂಬುದು ನನ್ನ ಪ್ರೋಗ್ರಾಂ ಓಡುವಾಗಲೇ ಗೊತ್ತಾಗುವುದು. ಕೆಲವು ಸಲ ಓಡುತ್ತದೆ, ಕೆಲವು ಸಲ ಮುಗ್ಗರಿಸುತ್ತದೆ.

ಹೌದೋ ಇಲ್ಲವೋ

ಎಣ್ಣೆ ತೆಗೆಯುವ ಊರಾದ ಅಬ್ಕೈಕ್ ಹತ್ತಿರದ ಒಂದು ಕೆಲಸಗಾರರ ಕ್ಯಾಂಪಿಗೆ ನಮ್ಮ ಖರ್ಜೂರ ಹೋಗುತ್ತದೆ. 'ಮಾಲು ತಲುಪಿತೇ?' ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರ ಬರಬೇಕು. ಬಂದದ್ದು 'ಇನ್ಶಾ ಅಲ್ಲಾ'. ಪ್ರೋಗ್ರಾಂ ಅಲ್ಲಿಗೇ ನಿಂತಿತು. ದೊಡ್ಡ ಗಿರಾಕಿ ಕೈಬಿಟ್ಟು ಹೋಗುತ್ತದೆಂದು ನಮ್ಮ ಮ್ಯಾನೇಜರ್ ಬೆವರತೊಡಗಿದರು.

ಫೋನ್ ಮಾಡಿದೆ. ಕ್ಯಾಂಪಿನ ಮೇಲ್ವಿಚಾರಕರು ಕುಂದಾಪುರದವರು.

"ಲಾರಿ ಗೇಟಿನಲ್ಲಿ ನಿಂತಿದೆ ತಂಗಿ, ಒಳಗೆ ಬಿಡ್ಲಿಲ್ಲ. ಬಂತು ಅಂದ್ರೂ ಸುಳ್ಳು, ಬರ್ಲಿಲ್ಲ ಅಂದ್ರೂ ಸುಳ್ಳು. ನಾನು ಎಂತ ಬರೀಲಿ, ನೀವೇ ಹೇಳಿ."

ಮಾತು ಸರಿಯೇ. 'ಗೇಟಿನಲ್ಲಿದೆ' ಎಂಬ ಮೂರನೇ ಉತ್ತರ ಸೇರಿಸಿದೆ. ಮರುದಿನವೇ ಗೇಟೇ ಇಲ್ಲದ ನಾಲ್ಕು ಅಂಗಡಿಗಳಿಂದ 'ಗೇಟಿನಲ್ಲಿದೆ' ಎಂದು ಉತ್ತರ ಬಂತು.

ಡೇಟ್

ರಂಜಾನಿಗೆ ಮೊದಲು ಬುರೈದಾದ ಗೋದಾಮಿನಿಂದ ಒಂದು ಫೈಲು ಬಂತು. 'ಡೇಟ್' ಎಂಬ ಜಾಗದಲ್ಲಿ ತಾರೀಕು ಇರಬೇಕಿತ್ತು. ಇದ್ದದ್ದು 'ಸುಕ್ಕರಿ', ಖರ್ಜೂರದ ಒಂದು ಜಾತಿ. ಮುನ್ನೂರು ಪೆಟ್ಟಿಗೆಗಳ ಕಾಗದಪತ್ರ ಅಲ್ಲಿಗೇ ಸಿಕ್ಕಿಬಿತ್ತು.

ಗೋದಾಮು ನೋಡಿಕೊಳ್ಳುವವರು ಭಟ್ಕಳದ ಹಿರಿಯರು. "ಭಾಯಿ, ಡೇಟ್ ಅಂತ ಇರುವಲ್ಲಿ ಸುಕ್ಕರಿ ಅಂತ ಬರೆದಿದ್ದೀರಲ್ಲ?"

"ಹೌದಮ್ಮ, ಸುಕ್ಕರಿಯೇ. ಬಾಯಿಗಿಟ್ರೆ ಕರಗ್ತದೆ."

"ಭಾಯಿ, ಖರ್ಜೂರ ಅಲ್ಲ. ತಾರೀಕು, ತಾರೀಕು!"

"ಖರ್ಜೂರದ ಕಂಪನಿಯಲ್ಲಿ ಡೇಟ್ ಅಂದ್ರೆ ತಾರೀಕು ಅಂತ ಯಾರಿಗಮ್ಮ ಹೊಳೀತದೆ?"

ಅವರು ತಿದ್ದಿ ಕಳಿಸಿದರು, ಫೈಲು ಬಿಚ್ಚಿದೆ. ಡೇಟ್: 'ಇವತ್ತು'.

ಐದು ಮಕ್ಕಳು

ನಮ್ಮ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಕಾಪುವಿನವರು. ಜೆಡ್ಡಾದ ಅಜೀಜಿಯಾದಲ್ಲಿ ಮನೆ, ಹೆಂಡತಿ ಮತ್ತು ಮೂರು ವರ್ಷದ ಒಬ್ಬ ಮಗ, ರಯಾನ್. ಒಂದು ಬೆಳಿಗ್ಗೆ ಆ ಮನುಷ್ಯ ನನ್ನ ಮೇಜಿನ ಮುಂದೆ ಓಡಿ ಬಂದು ನಿಂತರು.

"ಅಕ್ಕ, ಮಗುವಿಗೆ ಜ್ವರ. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ಇನ್ಶೂರೆನ್ಸಿನಲ್ಲಿ ಆರ್, ಎ, ವೈ, ಎ, ಎನ್ ಅಂತ ಐದು ಮಕ್ಕಳಿದ್ದಾರಂತೆ. ಜ್ವರ ಯಾವ ಮಗುವಿಗೆ ಅಂತ ಕೌಂಟರಿನವರು ಕೇಳ್ತಿದ್ದಾರೆ!"

ಇನ್ಶೂರೆನ್ಸಿಗೆ ಹೆಸರುಗಳನ್ನು ಕಳಿಸುವುದು ನನ್ನದೇ ಪ್ರೋಗ್ರಾಂ. ಇಬ್ಬರು ಮಕ್ಕಳಿದ್ದರೆ ಫೈಲಿನಿಂದ ಹೆಸರುಗಳ ಪಟ್ಟಿ ಬರುತ್ತದೆ. ಒಂದೇ ಮಗುವಾದರೆ ಬರೀ ಹೆಸರು ಬರುತ್ತದೆ. ಪ್ರೋಗ್ರಾಂ ಆ ಹೆಸರನ್ನೇ ಪಟ್ಟಿ ಎಂದು ತಿಳಿದು, ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಒಂದೊಂದು ಮಗುವೆಂದು ಎಣಿಸಿತ್ತು. ಒಂದೇ ಮಗುವಿದ್ದ ಎಲ್ಲರ ಮನೆಯಲ್ಲೂ ಹೀಗೆ ಆಗಿತ್ತು. ಆಸ್ಪತ್ರೆಗೆ ಮೊದಲು ಹೋದವರು ಇವರು, ಅಷ್ಟೇ.

ಒಳಗಿರುವುದು ಪಟ್ಟಿಯೇ ಎಂದು ಮೊದಲು ನೋಡು, ಅಲ್ಲವಾದರೆ ಒಂದೇ ಹೆಸರೆಂದು ತಿಳಿ ಎಂದು ಎರಡು ಸಾಲು ಬರೆದೆ. ಹೊಸ ಪಟ್ಟಿ ಕಳಿಸಿ, ಇನ್ಶೂರೆನ್ಸಿನವರ ಫೋನು ಬಿಡದೆ ಹಿಡಿದುಕೊಂಡು ಕೂತೆ. ಅರ್ಧ ಗಂಟೆಯಲ್ಲಿ ಡಾಕ್ಟರು ಮಗುವನ್ನು ನೋಡಿದರು. ಬರೀ ಶೀತದ ಜ್ವರ. ಅಲ್‌ಹಮ್ದುಲಿಲ್ಲಾ ಎಂದು ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಅವರು ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ನಮ್ಮದು ಒಂದೇ. ಉಳಿದ ನಾಲ್ಕು ಯಾರದ್ದು?" ಎಂದಳು ಆಕೆ ಮೊದಲ ಮಾತಿಗೇ.

"ಯಾರದ್ದೂ ಅಲ್ಲ ಮಾರಾಯ್ತಿ, ಕಂಪ್ಯೂಟರಿನ ತಪ್ಪು. ಮಗು ಒಂದೇ ಇದ್ದದ್ದಕ್ಕೆ ಹೀಗಾಯ್ತಂತೆ. ಎರಡಿದ್ದಿದ್ರೆ ತೊಂದರೆಯೇ ಇರ್ಲಿಲ್ಲವಂತೆ."

ಇಡೀ ಆಫೀಸಿಗೆ ಕೇಳುವ ಹಾಗೆ ಆ ಕಡೆಯಿಂದ ಉತ್ತರ ಬಂತು:

"ಅಂದ್ರೆ ನಿಮ್ಮ ಕಂಪ್ಯೂಟರ್ ರಿಪೇರಿಗೆ ನಾನು ಇನ್ನೊಂದು ಹೆರಬೇಕಾ?"