ಏನೂ ಮಾಡದೆ ನನ್ನ ಬಸ್ಸಿನ ಕಥೆ ಕೆಡಿಸಿದ ಡೂಲಾ ಅವರಿಗೆ

ಮಾನ್ಯ ಡೂಲಾ ಅಮ್ಮನವರೇ,

ತಮ್ಮ ಮೃದು ಹಸ್ತಗಳಿಗೂ, ಬಸುರಿಯರನ್ನು ಕೂರಿಸಲೆಂದು ತಾವು ಹೋದಲ್ಲೆಲ್ಲ ಹೊತ್ತೊಯ್ಯುವ ಆ ದೊಡ್ಡ ರಬ್ಬರ್ ಚೆಂಡಿಗೂ, ಸಹಿಸಲಾಗದಷ್ಟು ಶಾಂತವಾದ ತಮ್ಮ ಸ್ವಭಾವಕ್ಕೂ ಈ ನಿವೃತ್ತ ಬಸ್ ಕಂಡಕ್ಟರನ ಬೇರೆ ಬೇರೆ ನಮಸ್ಕಾರಗಳು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಆದರೆ ಪತ್ರಲೇಖನದಲ್ಲಿ ಹತ್ತಕ್ಕೆ ಒಂಬತ್ತು ತೆಗೆದವನು, ಉಳಿದ ಒಂದನ್ನು ಮೇಷ್ಟ್ರು ಹೊಟ್ಟೆಕಿಚ್ಚಿನಿಂದ ತಮ್ಮಲ್ಲೇ ಇಟ್ಟುಕೊಂಡರು. ಹಾಗಾಗಿ ಈ ದೂರಿನಲ್ಲಿ ಲೋಪ ಕಂಡರೆ ಅದು ಪೆನ್ನಿನದು. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ನನ್ನ ಮಾನ ಹೋದದ್ದೂ ಬಹಿರಂಗವಾಗಿಯೇ, ನನ್ನದೇ ಮನೆಯ ಸೋಫಾದ ಮೇಲೆ.

ತಮಗೆ ಗೊತ್ತಿರುವಂತೆ, ನನ್ನ ತಂಗಿಯ ಮಗಳಿಗೆ ಇದು ಎರಡನೆಯ ಹೆರಿಗೆ. ನಾಲ್ಕು ವರ್ಷದ ಹಿಂದಿನ ಮೊದಲನೆಯದರಲ್ಲಿ ಮಗು ಗುಂಡುಕಲ್ಲಿನಂತೆ ಮನೆಗೆ ಬಂತು, ಆದರೆ ಹುಡುಗಿ ಆ ದಿನದ ಬಗ್ಗೆ ತುಟಿ ಬಿಚ್ಚಲಿಲ್ಲ. ಯಾರಾದರೂ ಕೇಳಿದರೆ ಎದ್ದು ಹೋಗಿ, ಮಡಚಿಟ್ಟ ಬಟ್ಟೆಗಳನ್ನೇ ಮತ್ತೆ ಮಡಚುತ್ತಿದ್ದಳು. ಈ ಸಲ ಮಾತ್ರ ಐದನೆಯ ತಿಂಗಳಲ್ಲೇ ಹೇಳಿಬಿಟ್ಟಳು: "ಇನ್ನೊಂದ್ಸಲ ಹಾಗೆ ಆಗಬಾರ್ದು ಮಾವ. ನಂಗೊಬ್ಬರು ಡೂಲಾ ಬೇಕು." ಡೂಲಾ ಅಂದರೆ ಹೆರಿಗೆಯ ಹೊತ್ತಿನಲ್ಲಿ ಆಸರೆಗೆಂದು ಬರುವ ಹೆಂಗಸಂತೆ. ಆಸ್ಪತ್ರೆಯವರು ಒಳಗೆ ಬಿಡುವುದು ಇಬ್ಬರನ್ನು. ಒಬ್ಬ ನಮ್ಮ ಅಳಿಯ, ಅದು ಸರಿ. ಎರಡನೆಯ ಸೀಟು ಯಾರದು ಎಂದು ಯಾರಾದರೂ ಕೇಳಬೇಕೇ? ಮೂವತ್ತೊಂದು ವರ್ಷದ ಹಿಂದೆ, ಏರುದಾರಿಯ ತಿರುವಿನಲ್ಲಿ, ತುಂಬಿದ ಬಸ್ಸಿನಲ್ಲಿ ಹೆರಿಗೆ ಮಾಡಿಸಿದವನು ನಾನು! ಈ ಕಥೆಯನ್ನು ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದಾಳೆ. ಮೊದಮೊದಲು ಕಥೆಯಲ್ಲಿ ಒಂದೇ ಮಗು ಇತ್ತು, ಈಚೆಗೆ ಅವಳಿ ಆಗಿದೆ, ಬೆಳೆಯುವ ಕಥೆಯನ್ನು ತಡೆಯಲು ನಾನ್ಯಾರು?

ಆದರೂ ದೊಡ್ಡ ಮನಸ್ಸು ಮಾಡಿ ಸಂದರ್ಶನಕ್ಕೆ ಒಪ್ಪಿದೆ. ಇಪ್ಪತ್ತೊಂದು ಪ್ರಶ್ನೆಗಳ ಪತ್ರಿಕೆಯನ್ನು ನಾನೇ ತಯಾರಿಸಿದೆ. ಮೊದಲು ಬಂದವರು ಒಂದು ಚೀಲದಷ್ಟು ಪ್ರಮಾಣಪತ್ರ ತಂದು, ಎಲ್ಲ ಪ್ರಶ್ನೆಗೂ ನನ್ನ ಮುಖವನ್ನೇ ನೋಡಿ ಉತ್ತರಿಸಿದರು. ನಾನು ಪೂರ್ತಿ ಅಂಕ ಕೊಟ್ಟೆ. ಹುಡುಗಿ, "ಹಾಗಾದ್ರೆ ಅವರು ನಿನ್ನ ಹೆರಿಗೆಗೆ ಬರ್ಲಿ ಮಾವ" ಅಂದಳು. ಎರಡನೆಯವರು ನೋವೇ ಇಲ್ಲದ ಹೆರಿಗೆಯ ಗ್ಯಾರಂಟಿ ಕೊಟ್ಟರು, ಅವರಿಗೆ ಕಾಫಿ ಬರುವ ಮೊದಲೇ ಹುಡುಗಿ ಬಾಗಿಲು ತೋರಿಸಿದಳು. ಮೂರನೆಯವರು ತಾವು.

ತಾವು ನನ್ನ ಮೊದಲ ಪ್ರಶ್ನೆಯಲ್ಲೇ ಫೇಲಾದಿರಿ. ಹೆರಿಗೆ ಮಾಡಿಸುವುದಿಲ್ಲ ಎಂದಿರಿ. ಸೂಜಿ ಚುಚ್ಚುವುದಿಲ್ಲ, ಪರೀಕ್ಷೆ ಮಾಡುವುದಿಲ್ಲ, ಅದೆಲ್ಲ ನರ್ಸಮ್ಮ ಮತ್ತು ಡಾಕ್ಟರ ಕೆಲಸ, ಅಳಿಯನ ಜಾಗಕ್ಕೂ ಬರುವುದಿಲ್ಲ ಎಂದಿರಿ. "ಮತ್ತೆ ಏನಮ್ಮ ಮಾಡ್ತೀರಿ?" ಎಂದರೆ, "ಇರ್ತೀನಿ" ಎಂದಿರಿ. ನೋವು ಶುರುವಾದಾಗಿನಿಂದ ಮಗು ಎದೆಗೆ ಬರುವವರೆಗೆ, ಆಪರೇಷನ್ನೇ ಆದರೂ ಅವರು ಬಿಟ್ಟಷ್ಟು ದೂರ, ಇರ್ತೀನಿ; ನನಗೇ ಜ್ವರ ಬಂದರೆ ನನ್ನ ಬದಲು ಬರುವ ಇನ್ನೊಬ್ಬರನ್ನು ಮುಂಚೆಯೇ ಪರಿಚಯ ಮಾಡಿಸ್ತೀನಿ, ಎಂದಿರಿ. ಅಮ್ಮಾ, ಇರುವುದೂ ಒಂದು ವಿದ್ಯೆಯೇ? ಮೂವತ್ತು ವರ್ಷ ಬಸ್ಸಿನಲ್ಲಿ ನಾನೂ ಇದ್ದೆ.

ಅನಂತರ ತಾವು ನನ್ನ ಪ್ರಶ್ನೆಪತ್ರಿಕೆಯನ್ನು ಬಹಳ ಗೌರವದಿಂದ ಮಡಚಿ ನನಗೇ ಕೊಟ್ಟು, ಹುಡುಗಿಯ ಕಡೆ ತಿರುಗಿ, "ಹೋದ ಸಲ ಏನಾಯ್ತು?" ಎಂದು ಕೇಳಿದಿರಿ. ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಎಲ್ಲರೂ ಕೇಳಿದ್ದು "ಮಗು ಎಷ್ಟು ತೂಕ?" ಎಂದು. ಹುಡುಗಿ ಮುಕ್ಕಾಲು ಗಂಟೆ ಮಾತಾಡಿದಳು. ಆಸ್ಪತ್ರೆಯವರು ಏನು ಮಾಡುತ್ತಿದ್ದೇವೆಂದು ಹೇಳದೆಯೇ ಮಾಡಿದ್ದು, ಅವಳ ತಲೆಯ ಮೇಲಿಂದಲೇ ಒಬ್ಬರಿಗೊಬ್ಬರು ಪಾರ್ಸಲ್ ವಿಷಯ ಆಡಿದಂತೆ ಮಾತಾಡಿಕೊಂಡದ್ದು, ಗೋಡೆ ನೋಡುತ್ತ ಒಬ್ಬಳೇ ಮಲಗಿದ್ದ ಐದು ಗಂಟೆ. ನಾನು ಅಡುಗೆಮನೆಗೆ ಹೋಗಿ ಒಂದು ಕಪಾಟು ತೆರೆದು, ಏನನ್ನೋ ಹುಡುಕುವವನಂತೆ ಬಹಳ ಹೊತ್ತು ನಿಂತಿದ್ದೆ. ಕಪಾಟು ಖಾಲಿ ಇತ್ತು.

ಮನೆಯ ವಾತಾವರಣ ತಿಳಿಯಾಗಲಿ ಎಂದು ವಾಪಸ್ಸು ಬಂದು ಬಸ್ಸಿನ ಕಥೆ ಹೇಳಿದೆ. ಅವಳಿ ಮಕ್ಕಳ ಸಮೇತ. ತಾವು ಕೊನೆಯವರೆಗೂ ಕೇಳಿ, ನಿಜವಾದ ಕುತೂಹಲದಿಂದ, "ಆಗ ಆಕೆಯ ಕೈ ಹಿಡಿದಿದ್ದವರು ಯಾರು?" ಎಂದಿರಿ.

ನನ್ನ ದೂರು ಇದೇ. ಮೂವತ್ತೊಂದು ವರ್ಷ ಒಂದು ಹನಿ ಸೋರದ ಕಥೆಗೆ ತಾವು ತೂತು ಕೊರೆದಿರಿ. ಏಕೆಂದರೆ ಅಲ್ಲೊಬ್ಬ ಮುದುಕಿ ಇದ್ದಳು. ಬುಟ್ಟಿ ಹೊತ್ತು ಹತ್ತಿದ್ದವಳು, ಬುಟ್ಟಿ ಇಳಿಸಿ ಬಸ್ಸಿನ ನೆಲದ ಮೇಲೆ ಕೂತು, ಆ ಹೆಂಗಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು. ನನಗೆ, "ನೀನು ಬಾಗಿಲಲ್ಲಿ ನಿಲ್ಲಪ್ಪ, ಗಂಡಸರು ಇಣುಕದ ಹಾಗೆ ನೋಡ್ಕೋ" ಅಂದಳು. ನಾನು ನಿಂತೆ. ಆ ಮಹಾಕಾರ್ಯದಲ್ಲಿ ನನ್ನ ಪಾತ್ರ ಅಷ್ಟೇ. ಎಲ್ಲ ಮುಗಿದ ಮೇಲೆ ಮುದುಕಿ ತನ್ನ ಸ್ಟಾಪಿನಲ್ಲಿ ಇಳಿದಳು, ನಾನು ಸೀಟಿ ಊದಿದೆ, ಬಸ್ಸು ಹೊರಟಿತು. ಅವಳ ಹೆಸರನ್ನು ಯಾರೂ ಕೇಳಲಿಲ್ಲ.

ಹುಡುಗಿ ಎರಡನೆಯ ಸೀಟನ್ನು ತಮಗೇ ಕೊಟ್ಟಳು. ಇನ್ನು ಹೆರಿಗೆಯ ದಿನದ ದೌರ್ಜನ್ಯ. ಹುರಿದುಂಬಿಸಲು ನನ್ನ ಹಳೆಯ ಸೀಟಿಯನ್ನು ಜೇಬಿನಲ್ಲಿಟ್ಟು ಬೆಳಗ್ಗೆ ಆರಕ್ಕೇ ಹಾಜರಾದ ನನ್ನನ್ನು ತಾವು ಮುಗುಳ್ನಗುತ್ತಲೇ ಕೋಣೆಯ ಹೊರಗೆ ನೇಮಿಸಿದಿರಿ: "ಬಾಗಿಲು ನಿಮ್ಮದು." ಒಂಬತ್ತು ತಾಸು ಕಾದೆ. ಸಲಹೆ ಕೊಡಲು ಬಂದ ಇಬ್ಬರು ಅತ್ತೆಯರನ್ನೂ ಫೋಟೋ ತೆಗೆಯಲು ಬಂದ ಒಬ್ಬ ಚಿಕ್ಕಪ್ಪನನ್ನೂ ಹಿಂದಿನ ಬಸ್ಸಿಗೆ ಕಳಿಸಿದೆ. ಬಾಗಿಲ ಸಂದಿಯಿಂದ ಕೇಳಿದ್ದು ಇಷ್ಟು: ಸೊಂಟದ ಯಾವ ಜಾಗ ಒತ್ತಬೇಕೆಂದು ತಾವು ಅಳಿಯನಿಗೆ ಹೇಳಿಕೊಟ್ಟದ್ದು, ಹುಡುಗಿ ನಮ್ಮ ವಂಶವನ್ನೆಲ್ಲ ಹೆಸರು ಹಿಡಿದು ಬೈದದ್ದು (ಅದರಲ್ಲಿ ನನ್ನ ಸರದಿ ಎರಡು ಸಲ), ಡಾಕ್ಟರು ಏನೋ ಮಾಡಲು ಹೊರಟಾಗ ತಾವು ಹುಡುಗಿಗೆ, "ನಿಂಗೇನೋ ಕೇಳ್ಬೇಕಿತ್ತಲ್ಲ, ಕೇಳು" ಎಂದದ್ದು. ಅವಳು ಕೇಳಿದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು, "ಸರಿ, ಮಾಡಿ" ಎಂದು ಇವಳು ಅಪ್ಪಣೆ ಕೊಟ್ಟಳು. ಅಪ್ಪಣೆ, ನಮ್ಮ ಹುಡುಗಿ!

ಕೊನೆಗೆ ಒಮ್ಮೆ "ನನ್ನ ಕೈಲಾಗಲ್ಲ" ಎಂದು ಕೂಗಿದಾಗ ನಾನು ಸೀಟಿ ತೆಗೆದು ತುಟಿಗಿಟ್ಟೆ. ತಾವು ಏನಾದರೂ ಹೇಳುತ್ತೀರೆಂದು ಕಾದೆ. ತಾವು ಏನೂ ಹೇಳಲಿಲ್ಲ. ಆ ಮೌನದಲ್ಲಿ ಯಾರೋ ಯಾರದೋ ಕೈ ಹಿಡಿದಿದ್ದರು, ಅದು ಬಾಗಿಲಾಚೆಗೂ ತಿಳಿಯುತ್ತಿತ್ತು. ಸೀಟಿಯನ್ನು ಜೇಬಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಬೇರೆಯೇ ಒಂದು ಸೀಟಿ ಒಳಗೆ ಅತ್ತಿತು.

ಬಾಗಿಲಿಗೆ ನನ್ನನ್ನು ನಿಲ್ಲಿಸಿದ್ದು ತಮ್ಮ ಕುತಂತ್ರವೆಂದು ಆರೋಪಿಸಲು ಹೊರಟಿದ್ದೆ. ಆದರೆ ಹುಡುಗಿ ತನ್ನ ಬೇಕು ಬೇಡಗಳನ್ನು ತಮಗೆ ಬರೆದುಕೊಟ್ಟಿದ್ದ ಹಾಳೆಯನ್ನು ಮೊನ್ನೆ ತೋರಿಸಿದಳು. ಮೊದಲ ಸಾಲೇ ಇದು: "ಮಾವ ಹತ್ತಿರದಲ್ಲೇ ಇರಬೇಕು. ಒಳಗೆ ಬರಬಾರದು." ಆದ್ದರಿಂದ ಆ ಆರೋಪ ಹಿಂತೆಗೆದುಕೊಂಡಿದ್ದೇನೆ. ಉಳಿದವು ಹಾಗೇ ಇವೆ. ಪರಿಹಾರವಾಗಿ ತಾವು ಆ ಮುದುಕಿಯನ್ನು ಎಲ್ಲಿದ್ದರೂ ಹುಡುಕಿ, ನನ್ನ ಎದುರು ನಿಲ್ಲಿಸಿ, ಹೆಸರು ಕೇಳಲು ನನಗೊಂದು ಅವಕಾಶ ಮಾಡಿಕೊಡತಕ್ಕದ್ದು. ಅಲ್ಲಿಯವರೆಗೆ ಕಥೆಯನ್ನು ಒಂದೇ ಮಗುವಿನೊಂದಿಗೆ, ಮುದುಕಿಯ ಸಮೇತ, ಹೇಳಬೇಕಾದ ದುರ್ಗತಿ ನನಗೆ ಬಂದಿದೆ. ಕೇಳುವವರು ಮೊದಲಿಗಿಂತ ಚೆನ್ನಾಗಿದೆ ಎನ್ನುತ್ತಾರೆ, ಅದು ಇನ್ನೂ ದೊಡ್ಡ ಅವಮಾನ.

ಸಿಟ್ಟು ಇಳಿಯದಿದ್ದರೂ ಮರ್ಯಾದೆ ಬಿಡದ,
ತಮ್ಮ ವಿಶ್ವಾಸಿ,
ಎರಡು ಹೆರಿಗೆಗಳ ಬಾಗಿಲು ಕಾದ ಸೋದರಮಾವ

ಮರೆತದ್ದು: ಮುಂದಿನ ತಿಂಗಳು ಹನ್ನೆರಡಕ್ಕೆ ನನಗೆ ಹರ್ನಿಯಾ ಆಪರೇಷನ್. ಹೆದರಿಕೆ ಏನೂ ಇಲ್ಲ, ಸುಮ್ಮನೆ ವಿಷಯ ತಿಳಿಸಿದೆ. ತಾವು ಗಂಡಸರ ಆಪರೇಷನ್ನಿಗೆ ಬಂದು ಇರುವುದಿಲ್ಲ ಎಂಬ ನಿಯಮವೇನಾದರೂ ಇದ್ದರೆ ಅದರ ವಿರುದ್ಧ ಇನ್ನೊಂದು ಪತ್ರ ಸಿದ್ಧವಿದೆ. ಬಾಗಿಲಿನ ಚಿಂತೆ ಬೇಡ. ಹುಡುಗಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು, "ನಾನು ಹತ್ತಿರದಲ್ಲೇ ಇರ್ತೀನಿ ಮಾವ, ಒಳಗೆ ಬರಲ್ಲ" ಎಂದು ಹೇಳಿ, ಸೀಟಿಯನ್ನು ಈಗಲೇ ಕಿತ್ತುಕೊಂಡು ಹೋಗಿದ್ದಾಳೆ.